ಗ್ರೀನ್ ಕಾರ್ಡ್ ಕಡತವೂ ತಾಲ್ಲೂಕಿನ ಎರಡು ಹಳೆಯ ವಹಿಗಳೂ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ದಂಪತಿಯ ಒಪ್ಪಿಗೆ ಪಡೆದು, ಅವರ ಹೆಸರು, ಊರು, ಉದ್ಯೋಗ ಯಾವುದೂ ಗುರುತಿಗೆ ಸಿಗದಂತೆ ಇದನ್ನು ಬರೆದಿದ್ದೇನೆ. ನಾನು ವಕೀಲನೂ ಅಲ್ಲ, ವೈದ್ಯನೂ ಅಲ್ಲ. ಪತಿಯ ಕಡೆಯ ಬಂಧುವಾಗಿ, ಕಾಗದಪತ್ರ ಜೋಡಿಸುವ ಕೆಲಸದಲ್ಲಿ ಮೊದಲಿನಿಂದ ಕೊನೆಯವರೆಗೆ ಜೊತೆಗಿದ್ದವನು. ಮದುವೆಯ ಆಧಾರದ ಮೇಲೆ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವವರು ಸಾಮಾನ್ಯವಾಗಿ ಅಮೆರಿಕದ ಫಾರಂಗಳಿಗೆ ಹೆದರುತ್ತಾರೆ. ಈ ಪ್ರಕರಣದಲ್ಲಿ ಫಾರಂಗಳು ಸಲೀಸಾಗಿ ದಾಟಿಹೋದವು. ಕಡತ ಎರಡು ಸಲ ನಿಂತದ್ದು ನಮ್ಮದೇ ತಾಲ್ಲೂಕುಗಳ ಎರಡು ಹಳೆಯ ವಹಿಗಳ ಮುಂದೆ.

ಹಿನ್ನೆಲೆ

ಪತ್ನಿ 1992ರಲ್ಲಿ ಹುಟ್ಟಿದವರು. ತಂದೆಯ ಮನೆ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ, ತಾಯಿಯ ತವರು ಪಕ್ಕದ ಹಾಸನ ಜಿಲ್ಲೆಯಲ್ಲಿ. ಓದು ಮುಗಿಸಿ ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಕೆಲಸದಲ್ಲಿದ್ದರು. ಪತಿ ಕನ್ನಡದ ಮನೆಯವರೇ ಆದರೂ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋಗಿ ಅಲ್ಲಿನ ಪ್ರಜೆಯಾದವರು. ಹಿರಿಯರು ನೋಡಿ ಕೂಡಿಸಿದ ಸಂಬಂಧ. 2022ರ ಫೆಬ್ರವರಿಯಲ್ಲಿ ಮದುವೆಯಾಯಿತು. ಲಗ್ನಪತ್ರಿಕೆ, ಧಾರೆಯ ಫೋಟೊ ಮತ್ತು ಸಾಕ್ಷಿಗಳೊಂದಿಗೆ ಅದೇ ತಿಂಗಳು ಹಿಂದೂ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯೂ ಮುಗಿಯಿತು.

ಮೊದಲ ನಿರ್ಧಾರ ದಾರಿಯನ್ನು ಕುರಿತದ್ದು. ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲೇ ಕುಳಿತು ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದರೆ ಅಗಲಿಕೆ ತಪ್ಪುತ್ತದೆ ಎಂದು ನೆಂಟರಲ್ಲಿ ಒಬ್ಬಿಬ್ಬರು ಹೇಳಿದರು. ನೆಲೆಸುವ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿಬರಲು ಹೋಗುತ್ತೇನೆಂದು ವೀಸಾ ಅಧಿಕಾರಿಗೆ ಹೇಳುವುದು ಸುಳ್ಳು ಹೇಳಿಕೆಯಾಗುತ್ತದೆ, ಅದು ಮುಂದೆ ಇಡೀ ಅರ್ಜಿಗೇ ಮುಳುವಾಗಬಹುದು ಎಂಬ ಕಾರಣಕ್ಕೆ ಇಬ್ಬರೂ ಅದನ್ನು ಒಪ್ಪಲಿಲ್ಲ. ಪತಿ 2022ರ ಮಾರ್ಚ್‌ನಲ್ಲಿ ಪತ್ನಿಯನ್ನು ಕರೆಸಿಕೊಳ್ಳಲು ಹಾಕುವ ಐ-130 ಅರ್ಜಿಯನ್ನು, ಪತ್ನಿಯ ವಿವರಗಳ ಐ-130ಎ ಸಹಿತ, ಆನ್‌ಲೈನ್‌ನಲ್ಲಿ ಸಲ್ಲಿಸಿದರು. ಆಗ ಶುಲ್ಕ 535 ಡಾಲರ್. ಮಂಜೂರಾತಿ ಬಂದದ್ದು 2023ರ ಏಪ್ರಿಲ್‌ನಲ್ಲಿ.

ನಡುವಿನ ಆ ಹದಿಮೂರು ತಿಂಗಳು ನಾವು ಯಾರೂ ಏನೂ ಮಾಡಲಿಲ್ಲ. ಅರ್ಜಿ ಅವರ ಮೇಜಿನ ಮೇಲಿದೆ, ನಮ್ಮ ಕೆಲಸ ಮುಗಿದಿದೆ ಎಂದುಕೊಂಡಿದ್ದೆವು. ಕಡತವನ್ನು ಇಂದು ತಿರುಗಿ ನೋಡಿದರೆ, ಇಲ್ಲಿ ನಡೆದ ತಪ್ಪುಗಳಲ್ಲಿ ದೊಡ್ಡದು ಇದೇ, ಮತ್ತು ಇದರಲ್ಲಿ ನನ್ನ ಪಾಲೂ ಇದೆ.

ಮೊದಲ ವಹಿ: ಜನನ

ಐ-130 ಮಂಜೂರಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರ್‌ಗೆ, ಅಂದರೆ ಎಲ್ಲರೂ ಎನ್‌ವಿಸಿ ಎನ್ನುವ ಕಚೇರಿಗೆ ಹೋಗುತ್ತದೆ. ವೀಸಾ ಅರ್ಜಿಗೆ 325 ಡಾಲರ್, ಪತ್ನಿಯನ್ನು ಸಾಕುವ ಹೊಣೆ ತನ್ನದೆಂದು ಪತಿ ಬರೆದುಕೊಡುವ ಪೋಷಣೆಯ ಮುಚ್ಚಳಿಕೆಯ ಪರಿಶೀಲನೆಗೆ 120 ಡಾಲರ್ ಕಟ್ಟಿ, ವೀಸಾ ಅರ್ಜಿಯ ಫಾರಂ ಆದ ಡಿಎಸ್-260 ತುಂಬಿ, ದಾಖಲೆಗಳನ್ನು ಸ್ಕ್ಯಾನ್ ಮಾಡಿ ಏರಿಸಬೇಕು. ಪೋಷಣೆಯ ಮುಚ್ಚಳಿಕೆಯಾದ ಐ-864ರಲ್ಲಿ ತೊಡಕೇನೂ ಇರಲಿಲ್ಲ. ಪತಿಯ ವರಮಾನ ಇಬ್ಬರ ಕುಟುಂಬಕ್ಕೆ 2023ರಲ್ಲಿ ಬೇಕಿದ್ದ 24,650 ಡಾಲರ್‌ಗಿಂತ, ಅಂದರೆ ಬಡತನ ರೇಖೆಯ ಶೇ. 125ಕ್ಕಿಂತ, ಸಾಕಷ್ಟು ಮೇಲಿತ್ತು. ತೆರಿಗೆ ಇಲಾಖೆಯಿಂದಲೇ ಪಡೆದ ತೆರಿಗೆ ವಿವರದ ಟ್ರಾನ್ಸ್‌ಕ್ರಿಪ್ಟ್ ಲಗತ್ತಿಸಿದರು, ಅಲ್ಲಿಗೆ ಮುಗಿಯಿತು.

ತೊಡಕಾದದ್ದು ಜನನ ಪ್ರಮಾಣಪತ್ರ. ಪತ್ನಿಯ ಬಳಿ ಅದು ಇರಲೇ ಇಲ್ಲ. ಅವರ ವಯಸ್ಸಿನವರಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಹುಟ್ಟಿದ ದಿನದ ಸಾಕ್ಷಿಯಾಗಿ ಎಲ್ಲೆಡೆ ನಡೆದುಬಂದಿದೆ. ಆದರೆ ಜನನ ಮತ್ತು ಮರಣ ನೋಂದಣಿ ಕಾಯ್ದೆ ಜಾರಿಗೆ ಬಂದ 1970ರ ಏಪ್ರಿಲ್ 1ರ ನಂತರ ಭಾರತದಲ್ಲಿ ಹುಟ್ಟಿದವರಿಂದ ಅಮೆರಿಕದ ಅಧಿಕಾರಿಗಳು ನೋಂದಣಾಧಿಕಾರಿಯ ಪ್ರಮಾಣಪತ್ರವನ್ನೇ ಕೇಳುತ್ತಾರೆ. ಅದು ಸಿಗದಿದ್ದರೆ, ಸಿಗುವುದಿಲ್ಲವೆಂದು ಅದೇ ಕಚೇರಿ ಕೊಡುವ ಅಲಭ್ಯತಾ ಪತ್ರ ಬೇಕು, ಜೊತೆಗೆ ಬೇರೆ ಪುರಾವೆಗಳು ಬೇಕು.

ತಂದೆ ತಮ್ಮ ಊರಿನ ತಾಲ್ಲೂಕು ಕಚೇರಿಯಲ್ಲಿ ಹುಡುಕಿಸಿದರು. 1992ರ ವಹಿಯಲ್ಲಿ ಹೆಸರಿರಲಿಲ್ಲ. ಹತ್ತು ದಿನಗಳಲ್ಲಿ ಅಲಭ್ಯತಾ ಪತ್ರ ಕೈಗೆ ಬಂತು, ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಅದನ್ನು ಏರಿಸಲು ಕುಳಿತ ರಾತ್ರಿ, ಡಿಎಸ್-260ರಲ್ಲಿ ಹುಟ್ಟಿದ ಊರಿನ ಅಂಕಣ ತುಂಬುವಾಗ ಪತಿ ಪಾಸ್‌ಪೋರ್ಟ್ ತೆರೆದು ನೋಡಿದರೆ, ಅಲ್ಲಿ ಇದ್ದದ್ದು ತಂದೆಯ ಊರಲ್ಲ, ಅಜ್ಜಿಯ ಊರು. ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಕಡೆ ಪದ್ಧತಿ. ಸೂಲಗಿತ್ತಿಯ ಕೈಯಲ್ಲಿ ಅಲ್ಲೇ ಹೆರಿಗೆಯಾಗಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಜನನದ ನೋಂದಣಿ ಹುಟ್ಟಿದ ಜಾಗದಲ್ಲಿ ಆಗುತ್ತದೆಯೇ ಹೊರತು ತಂದೆಯ ಮನೆಯ ವಿಳಾಸದಲ್ಲಲ್ಲ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಆ ಅಲಭ್ಯತಾ ಪತ್ರವನ್ನು ಹಾಗೆಯೇ ಕಳುಹಿಸಿದ್ದರೆ, ಪಾಸ್‌ಪೋರ್ಟ್ ಒಂದು ಊರನ್ನೂ ಅಲಭ್ಯತಾ ಪತ್ರ ಇನ್ನೊಂದನ್ನೂ ಹೇಳುತ್ತಿದ್ದವು. ಕೈಗೆ ಸಿಕ್ಕ ಪತ್ರವನ್ನು ಬದಿಗಿಟ್ಟು ಮತ್ತೆ ಹುಡುಕುವುದೆಂದು ಅಂದು ತೀರ್ಮಾನಿಸಿದ್ದು ಸಣ್ಣ ಮಾತಲ್ಲ, ಏಕೆಂದರೆ ಮನೆಯವರಿಗೆ ಮುಗಿದ ಕೆಲಸವನ್ನು ಕೆಡಿಸಿದಂತೆ ಕಂಡಿತ್ತು.

ಪತ್ನಿಯ ಅಣ್ಣ ಹಾಸನದ ಕಡೆಯ ತಾಲ್ಲೂಕು ಕಚೇರಿಗೆ ಮೂರು ಸಲ ಓಡಾಡಿದರು. ಹಳ್ಳಿಗಳಲ್ಲಿ ಆಗ ಗ್ರಾಮ ಲೆಕ್ಕಿಗರೇ ಜನನ ಮರಣದ ನೋಂದಣಿ ಮಾಡುತ್ತಿದ್ದರು, ಅವರ ಹಳೆಯ ವಹಿಗಳು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿ ಸೇರಿದ್ದವು. ಮೂರನೆಯ ಭೇಟಿಯಲ್ಲಿ ನಮೂದು ಸಿಕ್ಕಿತು: ದಿನಾಂಕ ಅಂಕಪಟ್ಟಿಗೆ ಸರಿಹೊಂದುತ್ತಿತ್ತು, ತಂದೆ ತಾಯಿಯ ಹೆಸರಿತ್ತು, ಲಿಂಗದ ಎದುರು ಹೆಣ್ಣು ಎಂದಿತ್ತು, ಮಗುವಿನ ಹೆಸರಿನ ಜಾಗ ಖಾಲಿ. ನಾಮಕರಣಕ್ಕೆ ಮೊದಲೇ ಬರೆಸಿದ್ದು, ಆಮೇಲೆ ಹೆಸರು ಸೇರಿಸಲು ಯಾರೂ ಹೋಗಿರಲಿಲ್ಲ. ಈಗ ಸೇರಿಸಿ ಎಂದರೆ, ಅದಕ್ಕಿದ್ದ ಅವಧಿ ಎಂದೋ ಮುಗಿದಿದೆ ಎಂಬ ಉತ್ತರ ಬಂತು.

ಇಲ್ಲಿ ಎರಡು ಅಭಿಪ್ರಾಯಗಳಿದ್ದವು. ಊರಿನ ಏಜೆಂಟರೊಬ್ಬರು, ಈ ನಮೂದನ್ನು ಮರೆತುಬಿಡಿ, ನೋಂದಣಿಯೇ ಆಗಿಲ್ಲವೆಂದು ಹೇಳಿ ನ್ಯಾಯಾಲಯದ ಆದೇಶದಿಂದ ಹೊಸದಾಗಿ ಬರೆಸಿದರೆ ಹೆಸರುಳ್ಳ ಚೊಕ್ಕ ಪ್ರಮಾಣಪತ್ರ ಸಿಗುತ್ತದೆ ಎಂದರು. ನಾವು ಅದನ್ನು ಒಪ್ಪದಿರಲು ಎರಡು ಕಾರಣಗಳಿದ್ದವು. ಇರುವ ನಮೂದನ್ನು ಇಲ್ಲವೆಂದು ಪ್ರಮಾಣ ಮಾಡುವುದು ತಪ್ಪು ಎಂಬುದು ಒಂದು. ಮೂವತ್ತು ವರ್ಷ ತಡವಾಗಿ ಹುಟ್ಟಿದ ಪ್ರಮಾಣಪತ್ರಕ್ಕಿಂತ 1992ರಲ್ಲೇ ಬರೆದ ಹೆಸರಿಲ್ಲದ ನಮೂದಿಗೆ ತೂಕ ಹೆಚ್ಚು ಎಂಬುದು ಇನ್ನೊಂದು. ಕೊನೆಗೆ ಹೆಸರಿಲ್ಲದ ಪ್ರಮಾಣಪತ್ರವನ್ನೇ ಜೂನ್‌ನಲ್ಲಿ ಏರಿಸಿದೆವು. ಆತುರದಲ್ಲಿ ಬೇರೆ ಪುರಾವೆ ಸೇರಿಸದೆ ಬರಿದೇ ಏರಿಸಿದೆವು, ಹೀಗಾಗಿ ಎನ್‌ವಿಸಿ ಅದನ್ನು ಹಿಂದಿರುಗಿಸಿತು. ಎರಡನೆಯ ಸಲ ತಾಯಿ ಮತ್ತು ಸೋದರಮಾವ ಪ್ರಮಾಣ ಮಾಡಿ ಬರೆದುಕೊಟ್ಟ ಅಫಿಡವಿಟ್‌ಗಳು, ಪ್ರಾಥಮಿಕ ಶಾಲೆಯ ದಾಖಲಾತಿ ವಹಿಯ ದೃಢೀಕೃತ ನಕಲು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇವೆಲ್ಲವನ್ನೂ ಒಂದೇ ಫೈಲಾಗಿ ಸೇರಿಸಿ ಕಳುಹಿಸಿದಾಗ ಒಪ್ಪಿಗೆಯಾಯಿತು.

ಆ ಫೈಲು ಕಟ್ಟುವಾಗ ಎದ್ದ ಒಂದು ಕಿರಿಕಿರಿಯನ್ನು ಹೇಳಲೇಬೇಕು, ಏಕೆಂದರೆ ಕನ್ನಡದ ದಾಖಲೆ ಇರುವ ಎಲ್ಲರಿಗೂ ಅದು ಎದುರಾಗುತ್ತದೆ. ಹಳೆಯ ವಹಿಯ ನಕಲು ಕನ್ನಡದಲ್ಲಿತ್ತು, ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ಸಹಿಯುಳ್ಳ ಹೇಳಿಕೆ ಬೇಕಿತ್ತು. ತಾಯಿಯ ಹೆಸರಿನಲ್ಲಿ ‘ಲಕ್ಷ್ಮಿ’ ಇದೆ. ಪಾಸ್‌ಪೋರ್ಟ್‌ನಲ್ಲಿ ಅದನ್ನು ಕೆ, ಎಸ್, ಎಚ್ ಹಾಕಿ ಬರೆದಿದ್ದರೆ ಅನುವಾದಕರು ಎಕ್ಸ್ ಹಾಕಿ ಬರೆದಿದ್ದರು. ಕನ್ನಡದಲ್ಲಿ ಒಂದೇ ಆಗಿರುವ ಹೆಸರು ಇಂಗ್ಲಿಷಿಗೆ ಹೋದೊಡನೆ ಇಬ್ಬರು ಹೆಂಗಸರಾಗುತ್ತದೆ. ಅನುವಾದಕರಿಗೆ ಪಾಸ್‌ಪೋರ್ಟ್‌ನ ಕಾಗುಣಿತವನ್ನು ಮೊದಲೇ ಕೊಟ್ಟಿದ್ದರೆ ಒಂದು ವಾರ ಉಳಿಯುತ್ತಿತ್ತು. ಪತ್ನಿಯ ಹೆಸರಿನ ಇನಿಷಿಯಲ್‌ಗಳು ಅಂಕಪಟ್ಟಿಯಲ್ಲಿ ಕೊನೆಗೆ, ಮದುವೆಯ ಪ್ರಮಾಣಪತ್ರದಲ್ಲಿ ಮೊದಲಿಗೆ, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದಂತೆ ಇದ್ದವು. ಡಿಎಸ್-260ರಲ್ಲಿ ಬಳಸಿದ ಬೇರೆ ಹೆಸರುಗಳು ಎಂಬ ಅಂಕಣದಲ್ಲಿ ಮೂರನ್ನೂ ಬರೆದರು.

ಇದೇ ಹೊತ್ತಿಗೆ ಪಾಸ್‌ಪೋರ್ಟ್‌ನಲ್ಲಿ ಪತಿಯ ಹೆಸರು ಸೇರಿಸುವ ಮಾತು ಅತ್ತೆಯ ಮನೆಯ ಕಡೆಯಿಂದ ಬಂತು. ಹೆಸರು ಬದಲಾದರೆ ಪಾಸ್‌ಪೋರ್ಟ್ ಸಂಖ್ಯೆ ಬದಲಾಗುತ್ತದೆ, ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪಡೆದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಮತ್ತೆ ಮಾಡಿಸಬೇಕಾಗುತ್ತದೆ, ಅರ್ಜಿಯ ಪ್ರತಿ ಹಾಳೆಯಲ್ಲೂ ತಿದ್ದುಪಡಿ ಬೇಕಾಗುತ್ತದೆ. ಕಡತ ಮುಗಿಯುವವರೆಗೆ ಹುಟ್ಟುಹೆಸರೇ ಇರಲಿ ಎಂದು ಪತ್ನಿ ಗಟ್ಟಿಯಾಗಿ ಹೇಳಿದರು. ಸರಿಯಾದ ಮಾತು. ಸೆಪ್ಟೆಂಬರ್‌ನಲ್ಲಿ ದಾಖಲೆಗಳು ಪೂರ್ಣವಾಗಿವೆ ಎಂಬ ಸಂದೇಶ, ಅರ್ಜಿದಾರರ ಬಾಯಲ್ಲಿ ಡಿಕ್ಯೂ, ಬಂದಿತು.

ಎರಡನೆಯ ವಹಿ: ಕ್ಷಯ

2023ರ ಡಿಸೆಂಬರ್ ನಡುವೆ ಸಂದರ್ಶನದ ಪತ್ರ ಬಂತು. ಮುಂಬೈ ಕಾನ್ಸುಲೇಟ್, ಜನವರಿ ಮೂರನೆಯ ವಾರ. ಅದಕ್ಕೆ ಮುನ್ನ ಕಾನ್ಸುಲೇಟ್ ಮಾನ್ಯ ಮಾಡಿದ ವೈದ್ಯರಲ್ಲೇ ಪರೀಕ್ಷೆ ಮಾಡಿಸಬೇಕು. ಊರಿನ ವೈದ್ಯರ ಪತ್ರ ಎಷ್ಟೇ ದೊಡ್ಡ ಆಸ್ಪತ್ರೆಯದಾಗಿದ್ದರೂ ನಡೆಯುವುದಿಲ್ಲ. ಸಂದರ್ಶನಕ್ಕೆ ಹೋಗುವ ಪ್ರಯಾಣದಲ್ಲೇ ಎರಡೂ ಮುಗಿಯಲೆಂದು ಪರೀಕ್ಷೆಯನ್ನು ಹತ್ತು ದಿನ ಮೊದಲಿಗೆ ಮುಂಬೈಯಲ್ಲೇ ಗೊತ್ತುಮಾಡಿದೆವು.

ಪರೀಕ್ಷೆಯಲ್ಲಿ ಕೇಳುವ ಹಿಂದಿನ ಕಾಯಿಲೆಗಳ ಪಟ್ಟಿಯನ್ನು ಓದಿದ ಮೇಲೆ ಪತ್ನಿ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. 2010ರಲ್ಲಿ, ಎರಡನೆಯ ಪಿಯುಸಿ ಓದುವಾಗ, ಅವರಿಗೆ ಶ್ವಾಸಕೋಶದ ಕ್ಷಯವಾಗಿತ್ತು. ತಾಲ್ಲೂಕು ಆಸ್ಪತ್ರೆಯ ಡಾಟ್ಸ್ ಕೇಂದ್ರದಲ್ಲಿ ಆಗಿನ ಕ್ರಮದಂತೆ ವಾರಕ್ಕೆ ಮೂರು ದಿನ, ಆರೋಗ್ಯ ಸಿಬ್ಬಂದಿಯ ಎದುರಿನಲ್ಲೇ ಮಾತ್ರೆ ನುಂಗಿ, ಆರು ತಿಂಗಳ ಚಿಕಿತ್ಸೆ ಮುಗಿಸಿ ಪೂರ್ತಿ ವಾಸಿಯಾಗಿದ್ದರು. ಇದನ್ನು ಗಂಡಿನ ಕಡೆಯವರಿಗೆ ಹೇಳಿರಲಿಲ್ಲ. ಕ್ಷಯ ಎಂದರೆ ಸಂಬಂಧ ತಪ್ಪುತ್ತದೆ ಎಂಬ ಅಂಜಿಕೆ ನಮ್ಮ ಕಡೆಯ ಮನೆಗಳಲ್ಲಿ ಎಷ್ಟು ಆಳವಾಗಿದೆಯೆಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯ ಇರಲಾರದು. ತಾಯಿಯ ಮಾತು ಈಗಲೂ ಅದೇ ಆಗಿತ್ತು: “ವಾಸಿಯಾಗ್ಹೋದ ಕಾಯ್ಲೆನ ಈಗ್ಯಾಕೆ ಬಾಯ್ಬಿಟ್ಟು ಹೇಳ್ಕೋತೀಯ?”

ಈ ಪ್ರಕರಣದ ತಿರುವು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಡಿಎಸ್-260ರಲ್ಲಿ ಕೇಳಿದ್ದು ಸಾರ್ವಜನಿಕ ಆರೋಗ್ಯಕ್ಕೆ ಅಪಾಯಕಾರಿಯಾದ ಸಾಂಕ್ರಾಮಿಕ ರೋಗ ಈಗ ಇದೆಯೇ ಎಂದು. ಅದಕ್ಕೆ ಇಲ್ಲ ಎಂದದ್ದು ನಿಜವೇ. ವೈದ್ಯರು ಕೇಳುವುದು ಹಿಂದೆಂದಾದರೂ ಬಂದಿತ್ತೇ ಎಂದು. ಅದಕ್ಕೆ ಇಲ್ಲ ಎನ್ನುವುದು ಸುಳ್ಳು. ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ತಿಳಿದು, ಮೊದಲನೆಯದಕ್ಕೆ ಇಲ್ಲ ಎಂದಾಗಿದೆ, ಇನ್ನು ಎರಡನೆಯದಕ್ಕೆ ಹೌದೆಂದರೆ ಸಿಕ್ಕಿಬೀಳುತ್ತೇನೆ ಎಂದು ಆಕೆ ಹೆದರಿದ್ದರು. ಅದೂ ಅಲ್ಲದೆ, ಭಾರತದಿಂದ ಹೋಗುವ ಹದಿನೈದು ವರ್ಷ ಮೀರಿದ ಎಲ್ಲರಿಗೂ ಎದೆಯ ಎಕ್ಸ್-ರೇ ಕಡ್ಡಾಯ. ವಾಸಿಯಾದ ಕ್ಷಯ ಎಷ್ಟೋ ಮಂದಿಯ ಶ್ವಾಸಕೋಶದಲ್ಲಿ ಕಲೆ ಉಳಿಸಿರುತ್ತದೆ. ಬಾಯಿ ಮುಚ್ಚಿಕೊಂಡರೂ ಎಕ್ಸ್-ರೇ ಹೇಳಿಬಿಡುತ್ತದೆ.

ಆಕೆ ಡಿಸೆಂಬರ್ ಕೊನೆಯಲ್ಲಿ ಫೋನಿನಲ್ಲಿ ಪತಿಗೆ ಹೇಳಿದರು. ಆತ ಒಂದು ದಿನ ತೆಗೆದುಕೊಂಡರು. ಮರುದಿನ ಕೇಳಿದ ಮೊದಲ ಪ್ರಶ್ನೆ ಚಿಕಿತ್ಸೆಯ ಕಾರ್ಡ್ ಎಲ್ಲಿದೆ ಎಂಬುದು. ಅವರಿಬ್ಬರ ನಡುವೆ ಬೇರೇನು ನಡೆಯಿತೆಂಬುದು ಈ ಬರಹಕ್ಕೆ ಸೇರಿದ್ದಲ್ಲ.

ಕಾರ್ಡ್ ಮನೆಯಲ್ಲಿ ಇರಲಿಲ್ಲ. ಅಣ್ಣ ಮತ್ತೆ ಓಡಾಡಿದರು, ಈ ಸಲ ತಾಲ್ಲೂಕಿನ ಕ್ಷಯರೋಗ ಘಟಕಕ್ಕೆ. ಅಲ್ಲಿನ ಚಿಕಿತ್ಸಾ ಮೇಲ್ವಿಚಾರಕರು 2010ರ ರೋಗಿಗಳ ವಹಿಯನ್ನು ಕಪಾಟಿನಿಂದ ತೆಗೆದು, ಹೆಸರು, ಕ್ರಮಸಂಖ್ಯೆ, ಔಷಧಿಯ ಕ್ರಮ, ಆರಂಭ ಮತ್ತು ಮುಕ್ತಾಯದ ದಿನಾಂಕ, ಕೊನೆಯ ಕಫ ಪರೀಕ್ಷೆ ನೆಗೆಟಿವ್, ಫಲಿತಾಂಶ ಗುಣಮುಖ ಎಂಬ ಸಾಲನ್ನು ತೋರಿಸಿದರು. ಅದರ ಮೇಲೆ ವೈದ್ಯಾಧಿಕಾರಿಗಳಿಂದ ದೃಢೀಕರಣ ಪತ್ರ ಪಡೆಯಲು ಮೂರು ದಿನ ಹಿಡಿಯಿತು. 2010ರ ಎಕ್ಸ್-ರೇ ಫಿಲಂ ಮಾತ್ರ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಯಾರಿಗೂ ಹೇಳಬೇಡ ಎಂದಿದ್ದ ತಾಯಿಯೇ ಅದನ್ನು ಹದಿಮೂರು ವರ್ಷಗಳಿಂದ ಒಂದು ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದರು.

ಮುಂಬೈಯಲ್ಲಿ ಪರೀಕ್ಷೆಯ ಉಳಿದ ಭಾಗ ಬೇಗ ಮುಗಿಯಿತು. ರಕ್ತದಲ್ಲಿ ಸಿಫಿಲಿಸ್ ಪರೀಕ್ಷೆ ಮಾಡಿದರು. ಬಾಲ್ಯದ ಲಸಿಕೆಯ ಕಾರ್ಡ್ ಇಲ್ಲದ್ದರಿಂದ ಎಂಎಂಆರ್, ಧನುರ್ವಾಯು, ಫ್ಲೂ ಲಸಿಕೆಗಳನ್ನು ಅಲ್ಲೇ ಹಾಕಿದರು. ಆಗ ಕಡ್ಡಾಯವಾಗಿದ್ದ ಕೋವಿಡ್ ಲಸಿಕೆಯ ಪ್ರಮಾಣಪತ್ರ ಮೊಬೈಲಿನಲ್ಲಿತ್ತು. ಸೀತಾಳೆ ಸಿಡುಬು ಬಂದಿತ್ತೇ ಎಂದು ಕೇಳಿದಾಗ ಆಕೆ, ಮೂರನೆಯ ತರಗತಿಯಲ್ಲಿ ಅಮ್ಮ ಆಗಿತ್ತು ಎಂದುಬಿಟ್ಟು, ಮರಾಠಿ ಮಾತಿನ ನರ್ಸ್‌ಗೆ ಅದನ್ನು ಬಿಡಿಸಿ ಹೇಳಬೇಕಾಯಿತು.

ಎಕ್ಸ್-ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಕಂಡಿತು. ವೈದ್ಯರು ಹಳೆಯ ಫಿಲಂ, ದೃಢೀಕರಣ ಪತ್ರ ಎರಡನ್ನೂ ನೋಡಿ, ಹಳೆಯ ಕಲೆಯೇ ಇರಬೇಕು, ಆದರೂ ನಿಯಮದಂತೆ ಕಫ ಪರೀಕ್ಷೆಯಿಂದ ವಿನಾಯಿತಿ ಕೊಡುವ ಅಧಿಕಾರ ನನಗಿಲ್ಲ ಎಂದರು. ಒಂದಾದ ಮೇಲೊಂದರಂತೆ ಮೂರು ದಿನ ಬೆಳಗ್ಗೆ ಆಸ್ಪತ್ರೆಯಲ್ಲೇ ಕಫ ಕೊಡಬೇಕು. ಸೂಕ್ಷ್ಮದರ್ಶಕದ ವರದಿ ಬೇಗ ಬರುತ್ತದೆ, ಕಫದಿಂದ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್‌ನ ಅಂತಿಮ ವರದಿಗೆ ಸುಮಾರು ಎಂಟು ವಾರ ಕಾಯಬೇಕು. ಅಣ್ಣ ತಂಗಿ ಮುಂಬೈ ಬಳಿಯ ಡೊಂಬಿವಲಿಯ ಬಂಧುಗಳ ಮನೆಯಲ್ಲಿ ಉಳಿದು, ಮೂರು ದಿನ ಮುಂಜಾನೆಯ ಲೋಕಲ್ ಹಿಡಿದು ಹೋಗಿ ಕಫ ಕೊಟ್ಟು ಬಂದರು.

ಹಾಗಾದರೆ ಹಳೆಯ ದಾಖಲೆ ತಂದು ಏನು ಸಿಕ್ಕಿತು ಎಂದು ಪತಿಯ ತಂದೆ ಕೇಳಿದರು. ಅದು ಎಂಟು ವಾರಗಳನ್ನು ಉಳಿಸಲಿಲ್ಲ, ನಿಜ. ಆದರೆ ಹಿಂದೆ ಯಾವ ಔಷಧಿಗಳನ್ನು ಎಷ್ಟು ಕಾಲ ತೆಗೆದುಕೊಂಡಿದ್ದರು, ಚಿಕಿತ್ಸೆ ಪೂರ್ತಿಯಾಗಿತ್ತೇ ಎಂಬುದು ವರದಿಯಲ್ಲಿ ಊಹೆಯಾಗಿ ಉಳಿಯದೆ ದಾಖಲೆಯಾಗಿ ಸೇರಿತು. ಕಲ್ಚರ್ ಪಾಸಿಟಿವ್ ಬಂದಿದ್ದರೆ ಮುಂದಿನ ಔಷಧಿಯ ಆಯ್ಕೆಗೆ ಈ ವಿವರವೇ ಆಧಾರವಾಗುತ್ತಿತ್ತು. ಎಕ್ಸ್-ರೇಯಲ್ಲಿ ಕಲೆ ಕಂಡ ಮೇಲೆ ಬಾಯಿ ಬಿಡುವವರಿಗೂ, ಮೊದಲೇ ಫೈಲು ಮುಂದಿಡುವವರಿಗೂ ಎದುರಿಗೆ ಕುಳಿತ ವೈದ್ಯರು ಒಂದೇ ರೀತಿ ನಡೆದುಕೊಳ್ಳಲಾರರು ಎಂಬುದು ನನ್ನ ನಂಬಿಕೆ.

ಸಂದರ್ಶನ ಮತ್ತು ಅದರ ನಂತರ

ಸಂದರ್ಶನವನ್ನು ಮುಂದೂಡುವುದೇ, ಹಾಜರಾಗುವುದೇ ಎಂಬ ಪ್ರಶ್ನೆ ಎದ್ದಿತು. ಮುಂದೂಡಿದರೆ ಹೊಸ ದಿನಾಂಕ ಯಾವಾಗ ಸಿಗುತ್ತದೆಂದು ಹೇಳಲಾಗದು. ಹಾಜರಾದರೆ ವೈದ್ಯಕೀಯ ವರದಿಯೊಂದನ್ನು ಬಿಟ್ಟು ಉಳಿದೆಲ್ಲ ಮುಗಿದಿರುತ್ತದೆ. ಹಾಜರಾದರು. ಬಾಂದ್ರಾ ಕುರ್ಲಾ ಸಂಕೀರ್ಣದ ಕಾನ್ಸುಲೇಟ್‌ನಲ್ಲಿ ಅಧಿಕಾರಿ ಕೇಳಿದ್ದು ನಾಲ್ಕೈದು ಪ್ರಶ್ನೆ: ಮೊದಲು ಭೇಟಿಯಾದದ್ದು ಎಲ್ಲಿ, ಮದುವೆಯ ನಂತರ ಪತಿ ಎಷ್ಟು ಸಲ ಬಂದಿದ್ದರು, ಆತನ ಕೆಲಸವೇನು, ಹೀಗೆ. ಹೆಸರಿಲ್ಲದ ಜನನ ಪ್ರಮಾಣಪತ್ರದ ಫೈಲನ್ನು ತಿರುವಿ ನೋಡಿ ಏನೂ ಹೇಳದೆ ಇಟ್ಟುಕೊಂಡರು. ಕೊನೆಗೆ ವೈದ್ಯಕೀಯ ವರದಿ ಬಾಕಿ ಎಂದು 221(ಜಿ) ಚೀಟಿ ಕೊಟ್ಟರು. ಈ ಚೀಟಿಯ ಮೇಲೆ ನಿರಾಕರಣೆ ಎಂಬ ಅರ್ಥದ ಪದ ಇರುವುದರಿಂದ ಮನೆಯಲ್ಲಿ ಅಂದು ಯಾರೂ ಊಟ ಮಾಡಲಿಲ್ಲವಂತೆ. ಕಾನೂನಿನ ಭಾಷೆಯಲ್ಲಿ ನಿರಾಕರಣೆಯಾದರೂ ಬಾಕಿ ಇರುವುದನ್ನು ಪೂರೈಸಿದರೆ ಕಡತ ಮುಂದುವರಿಯುತ್ತದೆ.

ನಿಜವಾದ ನಷ್ಟ ಬೇರೆಡೆ ಆಯಿತು. ಸಂದರ್ಶನದ ಪತ್ರ ಬಂದ ಸಂತೋಷದಲ್ಲಿ ಆಕೆ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದರು, ಬೆಂಗಳೂರಿನ ಬಾಡಿಗೆ ಮನೆ ಬಿಟ್ಟಿದ್ದರು, ಪತಿ ಫೆಬ್ರವರಿಯ ವಿಮಾನದ ಟಿಕೆಟ್ ತೆಗೆದಿದ್ದರು. ವೀಸಾ ಕೈಗೆ ಬರುವವರೆಗೆ ಇವಾವುದನ್ನೂ ಮಾಡಬೇಡಿ ಎಂದು ಸೂಚನೆಯಲ್ಲಿ ಬರೆದಿರುತ್ತದೆ, ಎಲ್ಲರೂ ಅದನ್ನು ಓದಿ ದಾಟುತ್ತಾರೆ. ಟಿಕೆಟ್ಟಿನ ಹಣದಲ್ಲಿ ಅರ್ಧ ಹೋಯಿತು, ಎರಡು ತಿಂಗಳು ಸಂಬಳವಿಲ್ಲದೆ ಊರಿನಲ್ಲಿ ಕಳೆಯಬೇಕಾಯಿತು. ಹಿಂದೆ ಕ್ಷಯ ಬಂದಿತ್ತೆಂದು ಗೊತ್ತಿದ್ದಾಗ, ಸಂದರ್ಶನದ ಪತ್ರ ಬಂದ ವಾರದಲ್ಲೇ ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಮೂರು ವಾರ ಉಳಿಯುತ್ತಿತ್ತು. ಇಡೀ ಎಂಟು ವಾರವನ್ನು ಉಳಿಸುವ ದಾರಿ ಇರಲಿಲ್ಲ, ಆದರೆ ರಾಜೀನಾಮೆಯ ದಿನಾಂಕವನ್ನು ಮಾತ್ರ ಖಂಡಿತ ಬೇರೆಯಾಗಿ ಇಡಬಹುದಿತ್ತು.

ಮಾರ್ಚ್ ನಡುವೆ ಮೂರೂ ಕಲ್ಚರ್ ನೆಗೆಟಿವ್ ಎಂದು ತಿಳಿಯಿತು. ವರದಿಯಲ್ಲಿ ವರ್ಗ ಬಿ1 ಎಂದು ನಮೂದಾಯಿತು: ಈಗ ರೋಗವಿಲ್ಲ, ಪ್ರಯಾಣಕ್ಕೆ ಅಡ್ಡಿಯಿಲ್ಲ, ಅಮೆರಿಕ ತಲುಪಿದ ಮೇಲೆ ಅಲ್ಲಿನ ಆರೋಗ್ಯ ಇಲಾಖೆ ಮತ್ತೊಮ್ಮೆ ನೋಡಬೇಕು ಎಂಬುದು ಅದರ ತಾತ್ಪರ್ಯ. ಏನೂ ದೋಷ ಕಾಣದವರ ವೈದ್ಯಕೀಯ ವರದಿ ಆರು ತಿಂಗಳು ನಡೆದರೆ, ಬಿ1 ವರದಿ ಅಂತಿಮ ಕಲ್ಚರ್ ಫಲಿತಾಂಶದಿಂದ ಮೂರೇ ತಿಂಗಳು ನಡೆಯುತ್ತದೆ, ವೀಸಾದ ಅವಧಿಯೂ ಅದನ್ನು ಮೀರುವುದಿಲ್ಲ. ಮಾರ್ಚ್ ಕೊನೆಯಲ್ಲಿ ಬಂದ ವೀಸಾ ಜೂನ್ ನಡುವೆ ಮುಗಿಯುವಂತಿತ್ತು.

ವೀಸಾದ ಮೇಲೆ ಒಂದು ಅಕ್ಷರ ಬದಲಾಗಿತ್ತು. ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಸಿಆರ್-1 ವೀಸಾ ಸಿಗುತ್ತದೆ, ಗ್ರೀನ್ ಕಾರ್ಡ್ ಎರಡು ವರ್ಷದ ಷರತ್ತಿನದಾಗಿರುತ್ತದೆ, ಅವಧಿ ಮುಗಿಯುವ ಮುನ್ನ ಐ-751 ಸಲ್ಲಿಸಿ ಮದುವೆ ನಿಜವಾದದ್ದೆಂದು ಮತ್ತೆ ತೋರಿಸಬೇಕು. ಕಲ್ಚರ್‌ಗಾಗಿ ಕಾಯುತ್ತಿದ್ದಾಗ ಫೆಬ್ರವರಿಯಲ್ಲಿ ಇವರ ಮದುವೆಗೆ ಎರಡು ವರ್ಷ ತುಂಬಿತ್ತು. ಐಆರ್-1 ಬಂತು, ಹತ್ತು ವರ್ಷದ ಕಾರ್ಡ್. ಯಾರೂ ಇದನ್ನು ಯೋಜಿಸಿರಲಿಲ್ಲ. ಇದಕ್ಕಾಗಿಯೇ ತಡ ಮಾಡುವುದನ್ನು ನಾನಂತೂ ಯಾರಿಗೂ ಹೇಳೆನು, ಆದರೆ ಎರಡು ವರ್ಷದ ಅಂಚಿನಲ್ಲಿರುವವರು ಪ್ರಯಾಣದ ದಿನ ಗೊತ್ತುಮಾಡುವ ಮುನ್ನ ಪಂಚಾಂಗ ನೋಡುವಂತೆ ಮದುವೆಯ ದಿನಾಂಕವನ್ನೂ ನೋಡಿಕೊಳ್ಳಬಹುದು.

ಮೇ ಮೊದಲ ವಾರ ಆಕೆ ಅಮೆರಿಕ ತಲುಪಿದರು. ಮೂರನೆಯ ವಾರದಲ್ಲಿ ಸ್ಥಳೀಯ ಆರೋಗ್ಯ ಇಲಾಖೆಯಿಂದ ಕರೆ ಬಂತು. ಮತ್ತೊಂದು ಎಕ್ಸ್-ರೇ ತೆಗೆದು, 2010ರ ಫಿಲಂ ಮತ್ತು ಮುಂಬೈಯ ಫಿಲಂ ಜೊತೆಗಿಟ್ಟು ನೋಡಿ, ಕಲೆಯಲ್ಲಿ ಬದಲಾವಣೆ ಇಲ್ಲವೆಂದು ಬರೆದು ಕಡತ ಮುಚ್ಚಿದರು. ಕ್ಷಯರೋಗ ಘಟಕದ ದೃಢೀಕರಣ ಪತ್ರದ ಒಂದು ನಕಲನ್ನು ಅಲ್ಲಿನ ನರ್ಸ್ ಇಟ್ಟುಕೊಂಡರು.

ಜನನದ ವಹಿಯಲ್ಲಿ ಆಕೆಯ ಹೆಸರಿನ ಜಾಗ ಇಂದಿಗೂ ಖಾಲಿಯೇ ಇದೆ. ಪತಿ ಅಮೆರಿಕದ ಪ್ರಜೆಯಾದ್ದರಿಂದ, ಗ್ರೀನ್ ಕಾರ್ಡ್ ಪಡೆದು, ಒಟ್ಟಿಗೆ ಬಾಳಿ ಮೂರು ವರ್ಷ ಕಳೆದ ಮೇಲೆ ಆಕೆ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅಷ್ಟರೊಳಗೆ ಹೆಸರು ಸೇರಿಸಲು ದಾರಿಯಿದೆಯೇ ಎಂದು ಕೇಳಿ ಅಣ್ಣ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಬಂದಿದ್ದಾರೆ. ಸ್ವೀಕೃತಿ ಚೀಟಿ ಅದೇ ಟ್ರಂಕಿನಲ್ಲಿದೆ.